ಸಾಕೆನ್ನಿಸಿದಾಗ ಎದ್ದು ಬರುವುದು

ನಮ್ಮ ಕಡೆ ಸೌನಾ ಎಂದರೆ ದೊಡ್ಡ ಹೋಟೆಲಿನ ಈಜುಕೊಳದ ಪಕ್ಕದಲ್ಲೋ, ಜಿಮ್ಮಿನ ಹಿಂಬದಿಯಲ್ಲೋ ಇರುವ ಮರದ ಪೆಟ್ಟಿಗೆಯಂಥ ಕೋಣೆ. ದುಡ್ಡಿದ್ದವರು ತೂಕ ಇಳಿಸಲು ಅದರೊಳಗೆ ಕೂತು ಬೆವರುತ್ತಾರೆ. ನನಗೂ ಅಷ್ಟೇ ಗೊತ್ತಿತ್ತು. ಪಿಎಚ್.ಡಿ. ಮಾಡಲು ಫಿನ್ಲೆಂಡಿಗೆ ಬಂದ ಮೇಲೆ ಪಾಠ ಉಚ್ಚಾರಣೆಯಿಂದಲೇ ಶುರುವಾಯಿತು. ಇಂಗ್ಲಿಷಿನವರು ಹೇಳುವ ಹಾಗೆ ‘ಸಾನಾ’ ಅಲ್ಲ, ‘ಸೌನಾ’. ನಮ್ಮ ‘ಸೌದೆ’ಯಲ್ಲಿರುವ ಸೌ. ಸೌದೆ ಉರಿಸಿ ಕಾಯಿಸುವುದು ಸೌನಾ ಎಂದು ನೆನಪಿಟ್ಟುಕೊಂಡೆ, ಮತ್ತೆ ಮರೆಯಲಿಲ್ಲ.

ಈ ದೇಶದ ಜನಸಂಖ್ಯೆ ೫೫ ಲಕ್ಷದ ಆಸುಪಾಸು. ಸೌನಾಗಳ ಸಂಖ್ಯೆ ಸುಮಾರು ೩೦ ಲಕ್ಷ. ಮನೆಯಲ್ಲಿ ಒಂದು, ಕೆರೆದಂಡೆಯ ಬೇಸಿಗೆ ಮನೆಯಲ್ಲಿ ಇನ್ನೊಂದು, ಆಫೀಸಿನಲ್ಲಿ, ಕಾರ್ಖಾನೆಯಲ್ಲಿ, ಕೊನೆಗೆ ಪಾರ್ಲಿಮೆಂಟಿನಲ್ಲೂ. ೨೦೨೦ರಲ್ಲಿ ಯುನೆಸ್ಕೊ ಫಿನ್ಲೆಂಡಿನ ಸೌನಾ ಸಂಸ್ಕೃತಿಯನ್ನು ಮನುಕುಲದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು. ನಾನಿರುವ ಟಾಂಪೆರೆ ನಗರವಂತೂ ತನ್ನನ್ನು ಜಗತ್ತಿನ ಸೌನಾ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ಇಲ್ಲಿನ ಪಿಸ್ಪಲಾ ಗುಡ್ಡದ ಮೇಲೆ ೧೯೦೬ರಲ್ಲಿ ಶುರುವಾದ ರಾಯಪೊರ್ತ್ತಿ ಎಂಬ ಸಾರ್ವಜನಿಕ ಸೌನಾ ಇನ್ನೂ ನಡೆಯುತ್ತಿದೆ. ದೇಶದಲ್ಲಿ ಬಳಕೆಯಲ್ಲಿರುವ ಸಾರ್ವಜನಿಕ ಸೌನಾಗಳಲ್ಲಿ ಅದೇ ಹಳೆಯದು. ಮೈಯಿಂದ ಹಬೆಯಾಡುತ್ತಿರುವ ಜನ ಟವೆಲು ಸುತ್ತಿಕೊಂಡು ಅದರ ಅಂಗಳದಲ್ಲಿ ಕೂತು ಹರಟುವುದನ್ನು ಮೊದಲ ಸಲ ನೋಡಿದಾಗ ನನಗೆ ನಮ್ಮೂರಿನ ಮದುವೆಮನೆಯ ಹಿತ್ತಿಲು ನೆನಪಾಗಿತ್ತು.

ನಾನಿರುವ ವಿದ್ಯಾರ್ಥಿ ವಸತಿಯ ನೆಲಮಾಳಿಗೆಯಲ್ಲೂ ಒಂದು ಸೌನಾ ಇದೆ. ಬಾಗಿಲ ಮೇಲೆ ಸರದಿಯ ಪಟ್ಟಿ ಅಂಟಿಸಿರುತ್ತಾರೆ. ಹೆಂಗಸರ ಸರದಿ ಗುರುವಾರ ಸಂಜೆ ಏಳರಿಂದ ಎಂಟು. ಮೊದಲ ಮೂರು ತಿಂಗಳು ನಾನು ಆ ಪಟ್ಟಿಯನ್ನು ಓದಿದೆ, ಬಾಗಿಲು ತೆರೆಯಲಿಲ್ಲ. ಆಮೇಲೆ ಡಿಸೆಂಬರ್ ಬಂತು. ಬೆಳಗ್ಗೆ ಒಂಬತ್ತೂವರೆ ದಾಟಿದ ಮೇಲೆ ಹುಟ್ಟಿ ಮಧ್ಯಾಹ್ನ ಮೂರರ ಹೊತ್ತಿಗೆ ಮುಳುಗುವ ಸೂರ್ಯ. ಅದೂ ಮೋಡದ ಹಿಂದೆ. ಎಷ್ಟು ಸ್ವೆಟರ್ ಹಾಕಿದರೂ ಮೂಳೆಯೊಳಗಿನ ಚಳಿ ಹೋಗುವುದಿಲ್ಲ. ನಮ್ಮ ಪ್ರಯೋಗಾಲಯದ ತಂತ್ರಜ್ಞೆ, ನಿವೃತ್ತಿಗೆ ಹತ್ತಿರವಾದ ಹೆಂಗಸು, ಒಂದು ದಿನ ನನ್ನ ಕೈ ಮುಟ್ಟಿ ನೋಡಿ, “ನಿನಗೆ ಹೀಟರ್ ಸಾಲುವುದಿಲ್ಲ, ಸೌನಾ ಬೇಕು” ಎಂದರು. ಸೌನಾದ ರೀತಿ ರಿವಾಜುಗಳನ್ನೆಲ್ಲ ನಾನು ಕಲಿತದ್ದು ಅವರಿಂದ.

ನನ್ನ ಮೊದಲ ಪ್ರಶ್ನೆ ಯಾವುದಿರಬಹುದೆಂದು ನೀವೇ ಊಹಿಸಿರುತ್ತೀರಿ. ಬಟ್ಟೆಯದ್ದು. ಹೆಂಗಸರು ಹೆಂಗಸರೊಂದಿಗೆ, ಗಂಡಸರು ಗಂಡಸರೊಂದಿಗೆ, ಮನೆಮಂದಿಯಾದರೆ ಒಟ್ಟಿಗೆ. ಮೈಮೇಲೆ ಏನೂ ಇರುವುದಿಲ್ಲ. ಈಜುಡುಗೆ ತೊಟ್ಟು ಗಂಡಸರು ಹೆಂಗಸರು ಒಟ್ಟಿಗೆ ಕೂರುವ ಸಾರ್ವಜನಿಕ ಸೌನಾಗಳೂ ಇವೆ. ಟವೆಲು ಸುತ್ತಿಕೊಳ್ಳುತ್ತೇನೆಂದರೆ ಯಾರೂ ಬೇಡವೆನ್ನುವುದಿಲ್ಲ. ಮಲೆನಾಡಿನ ಮನೆಯಲ್ಲಿ ಬೆಳೆದ ನನಗೆ ಸ್ನಾನವೆಂದರೆ ಅಗುಳಿ ಹಾಕಿದ ಬಾಗಿಲು. ಅಷ್ಟಾದರೂ ಅಮ್ಮ, ಚಿಕ್ಕಮ್ಮಂದಿರು ಬಚ್ಚಲಿನೊಳಗೂ ಲಂಗವನ್ನು ಎದೆಗೆ ಕಟ್ಟಿಕೊಂಡೇ ನೀರು ಹುಯ್ದುಕೊಳ್ಳುತ್ತಿದ್ದರು. ಆ ಲಂಗ ಯಾರಿಂದ ಯಾರನ್ನು ಮುಚ್ಚುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

“ಸೌನಾದಲ್ಲಿ ಚರ್ಚಿನಲ್ಲಿರುವಂತೆ ಇರಬೇಕು ಅಂತ ನಮ್ಮ ಗಾದೆ” ಎಂದರು ಅವರು. ಜೋರು ಮಾತಿಲ್ಲ, ಜಗಳವಿಲ್ಲ, ಇನ್ನೊಬ್ಬರ ಮೈಮೇಲೆ ಕಣ್ಣಿಲ್ಲ. ಆ ಗೌರವಕ್ಕೆ ಕಾರಣವಿದೆ. ಹಿಂದೆ ಹಳ್ಳಿಗಳಲ್ಲಿ ಹೆಂಗಸರು ಹೆರುತ್ತಿದ್ದದ್ದು ಸೌನಾದಲ್ಲಿ. ಬಿಸಿನೀರು ಕೈಗೆ ಸಿಗುವ, ಬೆಚ್ಚಗಿರುವ, ಮನೆಯಲ್ಲೇ ಅತಿ ಶುಚಿಯಾದ ಜಾಗ ಅದು. ಸತ್ತವರನ್ನು ಕೊನೆಯ ಸಲ ತೊಳೆಯುತ್ತಿದ್ದದ್ದೂ ಅಲ್ಲಿಯೇ. ಬಾಣಂತಿಗೆ ಹಂಡೆಗಟ್ಟಲೆ ಬಿಸಿನೀರು ಹುಯ್ಯುವ ನಮ್ಮ ಬಚ್ಚಲುಮನೆಯನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಇನ್ನು ಒಳಗೆ ಹೋಗುವ ಮುನ್ನದ ಕೆಲಸಗಳು. ಹೊಟ್ಟೆ ತುಂಬ ಉಂಡು ಹೋಗಬಾರದು, ಬರೀ ಹೊಟ್ಟೆಯಲ್ಲೂ ಹೋಗಬಾರದು. ಒಂದೆರಡು ಲೋಟ ನೀರು ಕುಡಿಯಬೇಕು. ಸರ, ಓಲೆ, ಬಳೆ, ಉಂಗುರ, ಕನ್ನಡಕ ಎಲ್ಲ ಹೊರಗಿಡಬೇಕು. ಲೋಹ ಬೇಗ ಕಾಯುತ್ತದೆ, ಕಾದ ಮೇಲೆ ಚರ್ಮಕ್ಕೆ ಅಂಟಿದಂತೆ ಸುಡುತ್ತದೆ. ಹೊರಡುವಾಗ ಅಮ್ಮ ಕೊರಳಿಗೆ ಹಾಕಿ ಕಳಿಸಿದ್ದ ಎಳೆ ಸರವನ್ನು ನಾನು ಮೊದಲ ಸಲ ತೆಗೆದದ್ದು ಆ ನೆಲಮಾಳಿಗೆಯ ಲಾಕರಿನ ಮುಂದೆ. ಆಮೇಲೆ ಮೈ ತೊಳೆದುಕೊಂಡು, ಕೂರುವ ಜಾಗಕ್ಕೆ ಹಾಸಲು ಒಂದು ಚಿಕ್ಕ ಬಟ್ಟೆ ಹಿಡಿದು ಒಳಗೆ ಹೋಗಬೇಕು. ಆ ಬಟ್ಟೆ ಶುಚಿಗೂ ಹೌದು, ಬಿಸಿಯಾದ ಹಲಗೆ ಸುಡದಿರಲಿಕ್ಕೂ ಹೌದು.

ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಮರದ ಹಲಗೆಗಳು. ಮೂಲೆಯಲ್ಲಿ ಕಲ್ಲು ಹೇರಿದ ಒಲೆ. ಬಿಸಿಗಾಳಿ ಮೇಲೇರುವುದರಿಂದ ಮೇಲಿನ ಹಲಗೆಯೇ ಅತಿ ಬಿಸಿ. ಹೊಸಬರು ಕೆಳಗಿನ ಹಲಗೆಯಲ್ಲಿ ಕೂರುವುದು ಒಳ್ಳೆಯದು. ಗಾಳಿಯ ಬಿಸಿ ಸಾಮಾನ್ಯವಾಗಿ ೭೦ರಿಂದ ೯೦ ಡಿಗ್ರಿ ಸೆಲ್ಸಿಯಸ್. ೮೦ ಡಿಗ್ರಿಯ ನೀರಿಗೆ ಕೈಯಿಟ್ಟರೆ ಬೊಬ್ಬೆ ಬರುತ್ತದೆ, ೮೦ ಡಿಗ್ರಿಯ ಗಾಳಿಯಲ್ಲಿ ಮಾತ್ರ ಮನುಷ್ಯ ಕೂರಬಲ್ಲ. ನೀರಿಗೆ ಹೋಲಿಸಿದರೆ ಗಾಳಿ ಹೊತ್ತು ತರುವ ಶಾಖ ಬಹಳ ಕಡಿಮೆ, ದಾಟಿಸುವುದೂ ನಿಧಾನ. ಜೊತೆಗೆ ಒಣಗಾಳಿಯಲ್ಲಿ ಬೆವರು ಆರುತ್ತಾ ಮೈಯನ್ನು ತಣ್ಣಗಿಡುತ್ತದೆ.

ಆದರೆ ಯಾರಾದರೂ ಸೌಟಿನಿಂದ ಕಲ್ಲಿನ ಮೇಲೆ ಒಂದಿಷ್ಟು ನೀರು ಹುಯ್ದರೆ ಆಟವೇ ಬದಲಾಗುತ್ತದೆ. ಚೊಯ್ ಎಂದು ಎದ್ದ ಹಬೆ ಮೇಲಕ್ಕೆ ಹೋಗಿ, ಚಾವಣಿಗೆ ತಾಗಿ, ಹೆಗಲ ಮೇಲೆ ಇಳಿಯುತ್ತದೆ. ಗೋಡೆಯ ಥರ್ಮಾಮೀಟರು ಹೆಚ್ಚುಕಡಿಮೆ ಅಲ್ಲೇ ಇರುತ್ತದೆ, ಮೈಗೆ ಮಾತ್ರ ಬೆಂಕಿ ಹೊಕ್ಕಂತಾಗುತ್ತದೆ. ಹಬೆ ನಮ್ಮ ಚರ್ಮದ ಮೇಲೆ ನೀರಾಗುವಾಗ ತನ್ನೊಳಗಿನ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಬೆರಳಿಗೆ ತಾಗುವುದು ಇದೇ. ಹಾಗಾಗಿ ಇಲ್ಲೊಂದು ಮರ್ಯಾದೆ ಇದೆ: ನೀರು ಹಾಕುವ ಮುನ್ನ ಜೊತೆಗಿದ್ದವರನ್ನು ಕೇಳಬೇಕು, ಸ್ವಲ್ಪ ಸ್ವಲ್ಪವೇ ಹಾಕಬೇಕು, ಮುಖವನ್ನೂ ಕೈಯನ್ನೂ ಒಲೆಯ ನೇರಕ್ಕೆ ಹಿಡಿಯಬಾರದು.

ಆ ಹಬೆಗೆ ಫಿನ್ನಿಶ್ ಭಾಷೆಯಲ್ಲಿ ‘ಲೊಯ್ಲು’ ಎಂಬ ಬೇರೆಯದೇ ಹೆಸರಿದೆ. ಪಾತ್ರೆಯಿಂದೇಳುವ ಹಬೆಗೆ ಆ ಪದವಿಲ್ಲ. ಅದರ ಹಳೆಯ ಅರ್ಥ ಉಸಿರು, ಜೀವ. ದೂರದ ನಂಟಿನ ಹಂಗೇರಿಯನ್ ಭಾಷೆಯಲ್ಲಿ ಅದರ ಸೋದರ ಪದ ‘ಲೇಲೆಕ್’, ಅರ್ಥ ಆತ್ಮ. ಕಲ್ಲಿನ ಮೇಲೆ ನೀರು ಬಿದ್ದು ಏಳುವುದನ್ನು ಉಸಿರು ಎಂದು ಕರೆದ ಜನ ಸುಮ್ಮನೆ ಚರ್ಚಿನ ಮಾತು ಆಡಿರಲಿಕ್ಕಿಲ್ಲ.

ಮೊದಲ ಗುರುವಾರ, ಕೆಳಗಿನ ಹಲಗೆಯಲ್ಲಿ ಟವೆಲು ಬಿಗಿಯಾಗಿ ಸುತ್ತಿಕೊಂಡು ಕೂತು ನಾನು ಅವರನ್ನು ಕೇಳಿದೆ, “ಎಷ್ಟು ನಿಮಿಷ ಇರಬೇಕು?” ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಇನ್ನೊಮ್ಮೆ ಕೇಳಿದ ಮೇಲೆ ಹೇಳಿದರು, “ಸಾಕು ಅನ್ನಿಸುವವರೆಗೆ. ಅನ್ನಿಸಿದ ಕೂಡಲೇ ಎದ್ದು ಹೋಗು. ಯಾರಿಗೂ ಹೇಳಬೇಕಾಗಿಲ್ಲ.”

ನಾನು ಬಂದ ಬಚ್ಚಲಿನಲ್ಲಿ ‘ಸಾಕು’ ನನ್ನ ಕೈಯಲ್ಲಿರಲಿಲ್ಲ. ದೀಪಾವಳಿಯ ಎಣ್ಣೆಸ್ನಾನದ ದಿನ ಅಡಿಕೆ ಸಿಪ್ಪೆಯ ಉರಿಗೆ ಹಂಡೆ ಕುದಿಯುತ್ತಿರುತ್ತಿತ್ತು. ಮೊಮ್ಮಕ್ಕಳೆಲ್ಲ ಸಾಲಾಗಿ ಎಣ್ಣೆ ಹಚ್ಚಿಸಿಕೊಂಡು ನಿಂತಿರುತ್ತಿದ್ದೆವು. ಬಿಸಿ ಬಿಸಿ ಎಂದು ಕುಣಿದರೆ ಅಜ್ಜಿ, “ಇನ್ನೆರಡು ಚೊಂಬು, ಸುಮ್ಮನಿರು” ಎನ್ನುತ್ತಿದ್ದರು. ಆ ಎರಡು ಚೊಂಬು ಯಾವತ್ತೂ ನಾಲ್ಕಕ್ಕೆ ಕಡಿಮೆ ಇರುತ್ತಿರಲಿಲ್ಲ. ಅದು ಪ್ರೀತಿಯೇ, ಅನುಮಾನವಿಲ್ಲ. ಆದರೆ ಆ ಪ್ರೀತಿಯ ಜೊತೆಗೆ ತಾಳಿಕೊಳ್ಳುವವರೇ ಒಳ್ಳೆಯ ಮಕ್ಕಳು ಎಂಬ ಪಾಠವೂ ಮೈಗೆ ಇಳಿಯಿತು. ಮುಂದೆ ಶಾಲೆ, ಪ್ರವೇಶ ಪರೀಕ್ಷೆ, ಪಿಎಚ್.ಡಿ. ಎಲ್ಲ ಕಡೆಯೂ ಅದೇ ಪಾಠ ಮುಂದುವರಿಯಿತು. ಸಂಶೋಧನೆಯನ್ನು ಕುಳಿತಲ್ಲಿಂದ ಏಳದಿರುವ ಕಲೆ ಎಂದರೂ ತಪ್ಪಿಲ್ಲ. ನಮ್ಮ ವಿಭಾಗದಲ್ಲಿ ಒಬ್ಬ ಗೆಳೆಯ ಮೂರನೆಯ ವರ್ಷದಲ್ಲಿ ಬಿಟ್ಟು ಹೋದ. ಅವನು ಚೆನ್ನಾಗಿದ್ದಾನೆ, ಈಗ ನಿದ್ದೆ ಬರುತ್ತದಂತೆ. ಆದರೂ ಅವನ ಮಾತು ಬಂದಾಗೆಲ್ಲ ನಾವು ದನಿ ತಗ್ಗಿಸುತ್ತೇವೆ, ಸತ್ತವರ ಬಗ್ಗೆ ಮಾತಾಡುವಂತೆ.

ಸೌನಾದಲ್ಲಿ ತಾಳಿಕೆಗೆ ಬಹುಮಾನ ಕೊಡುವ ಪ್ರಯೋಗವನ್ನೂ ಫಿನ್ಲೆಂಡ್ ಮಾಡಿ ನೋಡಿದೆ. ಹೆಯ್ನೊಲಾ ಎಂಬ ಊರಿನಲ್ಲಿ ೧೯೯೯ರಿಂದ ವಿಶ್ವ ಸೌನಾ ಚಾಂಪಿಯನ್‌ಶಿಪ್ ನಡೆಯುತ್ತಿತ್ತು. ೧೧೦ ಡಿಗ್ರಿಯ ಬಿಸಿ, ಪ್ರತಿ ೩೦ ಸೆಕೆಂಡಿಗೊಮ್ಮೆ ಕಲ್ಲಿಗೆ ನೀರು, ಕೊನೆಯವರೆಗೆ ಕೂತವರಿಗೆ ಗೆಲುವು. ೨೦೧೦ರ ಫೈನಲ್ಲಿನಲ್ಲಿ ಆರು ನಿಮಿಷಗಳ ಹೊತ್ತಿಗೆ ಉಳಿದಿದ್ದ ಇಬ್ಬರನ್ನೂ ಹೊರಗೆ ಎಳೆದು ತರಬೇಕಾಯಿತು. ರಷ್ಯಾದ ಸ್ಪರ್ಧಿ ಸತ್ತುಹೋದ. ಫಿನ್ಲೆಂಡಿನವನು ತೀವ್ರ ಸುಟ್ಟಗಾಯಗಳಿಂದ ಆಸ್ಪತ್ರೆ ಸೇರಿದ. ಆ ಸ್ಪರ್ಧೆ ಮತ್ತೆ ನಡೆಯಲಿಲ್ಲ. ಈ ಕಥೆ ಹೇಳುವಾಗ ನಮ್ಮ ತಂತ್ರಜ್ಞೆಯ ಮುಖದಲ್ಲಿ ನಾಚಿಕೆಯಿತ್ತು. “ಅದು ಸೌನಾ ಅಲ್ಲ” ಎಂದರು, ಅಷ್ಟೇ.

ಒಳಗೆ ಕೂತಾಗ ದೇಹದಲ್ಲಿ ಆಗುವುದನ್ನು ತಿಳಿದರೆ ಅವರ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಶಾಖವನ್ನು ಹೊರಹಾಕಲು ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಹೃದಯ ಬಿರುಸಾಗಿ ನಡೆಯುವಾಗಿನಷ್ಟು ವೇಗದಲ್ಲಿ ಬಡಿಯುತ್ತದೆ. ಒಂದು ಸಲದ ಸೌನಾದಲ್ಲಿ ಅರ್ಧ ಲೀಟರಿನಷ್ಟು ಬೆವರು ಹೋಗಬಹುದು. ನಾಳಗಳು ಹಿಗ್ಗಿ, ನೀರು ಕಡಿಮೆಯಾಗಿ ಇರುವಾಗ ಥಟ್ಟನೆ ಎದ್ದರೆ ರಕ್ತ ಕಾಲಿಗಿಳಿದು ಕಣ್ಣು ಕತ್ತಲಿಡುತ್ತದೆ. ಪಕ್ಕದಲ್ಲೇ ಕಾದ ಕಲ್ಲಿರುವ ಜಾಗದಲ್ಲಿ ಅದು ಸಣ್ಣ ವಿಷಯವಲ್ಲ. ಅದಕ್ಕೇ ಮೇಲೆ ಮಲಗಿದ್ದವರು ಮೊದಲು ಎದ್ದು ಕೂರಬೇಕು, ಕೆಳಗಿನ ಹಲಗೆಗೆ ಇಳಿದು ಒಂದೆರಡು ನಿಮಿಷ ಬಿಟ್ಟು ಹೊರಗೆ ನಡೆಯಬೇಕು. ತಲೆ ಹಗುರಾದಂತೆ, ವಾಕರಿಕೆ ಬಂದಂತೆ, ಎದೆ ಬಡಿತ ತಪ್ಪಿದಂತೆ ಅನ್ನಿಸಿದರೆ ‘ಸಾಕು’ ಎಂಬ ಹೊತ್ತು ಆಗಲೇ ಮೀರಿದೆ ಎಂದರ್ಥ. ಹೊಸಬರಿಗೆ ಐದರಿಂದ ಹತ್ತು ನಿಮಿಷ ಧಾರಾಳ. ರೂಢಿಯಾದವರೂ ಹದಿನೈದು ನಿಮಿಷಕ್ಕೆ ಹೊರಬಂದು ಮೈ ಆರಿಸಿ, ನೀರು ಕುಡಿದು, ಬೇಕೆನ್ನಿಸಿದರೆ ಮತ್ತೆ ಹೋಗುತ್ತಾರೆ.

ಜ್ವರವಿದ್ದಾಗ ಹೋಗಬಾರದು. ಇತ್ತೀಚೆಗೆ ಹೃದಯಾಘಾತವಾದವರು, ಆಗಾಗ ಎದೆನೋವು ಬರುವವರು, ಹೃದಯದ ಕವಾಟ ತೀರಾ ಕಿರಿದಾದವರು ದೂರವಿರಬೇಕು. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ಮತ್ತು ರೂಢಿಯಿಲ್ಲದ ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಬೇಕು. ಕುಡಿದು ಹೋಗಲೇಬಾರದು. ಸೌನಾದಲ್ಲಾದ ಸಾವುಗಳ ಕುರಿತ ಇಲ್ಲಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವುದು ಮದ್ಯ. ಕುಡಿದವರಿಗೆ ಸಾಕು ಎಂದು ಹೇಳುವ ಒಳಗಿನ ದನಿಯೇ ಕೇಳಿಸುವುದಿಲ್ಲ. ಇನ್ನು ಚಳಿಗಾಲದಲ್ಲಿ ಕೆರೆಯ ಮಂಜುಗಡ್ಡೆ ಕೊರೆದು ಮಾಡಿದ ಹೊಂಡಕ್ಕೆ ಇಳಿಯುವುದನ್ನು ವಿಡಿಯೊಗಳಲ್ಲಿ ನೀವು ನೋಡಿರುತ್ತೀರಿ. ಅದು ಸೌನಾದ ಕಡ್ಡಾಯ ಭಾಗವಲ್ಲ. ತಣ್ಣೀರು ತಾಗಿದ ಕ್ಷಣ ಉಸಿರು ತಾನಾಗಿ ಒಳಗೆಳೆದುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ. ಇಳಿಯುವವರು ಏಣಿ ಹಿಡಿದು ನಿಧಾನ ಇಳಿಯುತ್ತಾರೆ, ತಲೆ ಮುಳುಗಿಸುವುದಿಲ್ಲ, ಒಬ್ಬರೇ ಹೋಗುವುದಿಲ್ಲ.

ಸೌನಾ ಆಯುಷ್ಯ ಹೆಚ್ಚಿಸುತ್ತದೆ ಎಂಬ ಸುದ್ದಿಯ ಹಿಂದೆ ೨೦೧೫ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಪೂರ್ವ ಫಿನ್ಲೆಂಡಿನ ೨೩೧೫ ನಡುವಯಸ್ಸಿನ ಗಂಡಸರನ್ನು ಸುಮಾರು ಇಪ್ಪತ್ತು ವರ್ಷ ಗಮನಿಸಿದಾಗ, ವಾರಕ್ಕೆ ನಾಲ್ಕರಿಂದ ಏಳು ಸಲ ಸೌನಾಕ್ಕೆ ಹೋಗುವವರಲ್ಲಿ ಹಠಾತ್ ಹೃದಯ ಸಾವು ವಾರಕ್ಕೊಮ್ಮೆ ಹೋಗುವವರಿಗಿಂತ ಕಡಿಮೆಯಿತ್ತು. ವಿದ್ಯಾರ್ಥಿಯಾಗಿ ನಾನು ಇಷ್ಟು ಸೇರಿಸುತ್ತೇನೆ: ಇದು ಗಮನಿಸಿ ಬರೆದ ಲೆಕ್ಕ. ಸೌನಾದಿಂದ ಆರೋಗ್ಯ ಬಂತೋ, ಆರೋಗ್ಯವಿದ್ದವರು ಹೆಚ್ಚು ಸೌನಾಕ್ಕೆ ಹೋದರೋ, ಇಂಥ ಲೆಕ್ಕವೊಂದೇ ತೀರ್ಮಾನಿಸಲಾರದು. ಅದೂ ಗಂಡಸರ ಲೆಕ್ಕ. ನನ್ನ ಅಮ್ಮನಂಥವರು ಅದರಲ್ಲಿ ಇರಲಿಲ್ಲ.

ಅಮ್ಮ ಕಳೆದ ಜೂನಿನಲ್ಲಿ ಬಂದಿದ್ದಳು. ಐವತ್ತೆಂಟು ವರ್ಷ, ಬಿ.ಪಿ. ಮಾತ್ರೆ, ಮೊದಲ ವಿಮಾನ. ನಮ್ಮ ತಂತ್ರಜ್ಞೆ ತಮ್ಮ ಕೆರೆದಂಡೆಯ ಮನೆಗೆ ಇಬ್ಬರನ್ನೂ ಸೌನಾಕ್ಕೆ ಕರೆದರು. ನನಗೆ ಹೆದರಿಕೆ. ಅಮ್ಮ ತಾಳಿಕೊಳ್ಳುವುದರಲ್ಲಿ ಎತ್ತಿದ ಕೈ. ಹಾಸಿಗೆ ಹಿಡಿದ ಅಜ್ಜಿಯನ್ನು ಆರು ವರ್ಷ ನೋಡಿಕೊಂಡವಳು, ಆ ಆರು ವರ್ಷದಲ್ಲಿ ಒಂದು ಸಲವೂ ಸಾಕಾಯಿತು ಎಂದವಳಲ್ಲ. ಕೊನೆಯ ವರ್ಷ ಅಡುಗೆಮನೆಯಲ್ಲಿ ತಲೆ ತಿರುಗಿ ಬಿದ್ದ ಮೇಲೆಯೇ ಅವಳಿಗೆ ಬಿ.ಪಿ. ಇರುವುದು ನಮಗೆ ಗೊತ್ತಾದದ್ದು. ಬಿಸಿ ತಡೆಯಲಾಗದಿದ್ದರೂ ಕರೆದವರ ಮನಸ್ಸಿಗೆ ಬೇಜಾರಾಗಬಾರದೆಂದು ಕೂತೇ ಇದ್ದರೆ? ಊರಿನ ಡಾಕ್ಟರಿಗೆ ಫೋನ್ ಮಾಡಿದೆ. ಹೆಚ್ಚು ಬಿಸಿ ಬೇಡ, ಸ್ವಲ್ಪ ಹೊತ್ತು ಸಾಕು, ತಣ್ಣೀರಿಗೆ ಇಳಿಸಬೇಡಿ, ಒಬ್ಬರನ್ನೇ ಬಿಡಬೇಡಿ ಎಂದರು. ತಂತ್ರಜ್ಞೆ ಅವತ್ತು ಸೌದೆ ಕಡಿಮೆ ಹಾಕಿ ೬೦ ಡಿಗ್ರಿಯಲ್ಲೇ ನಿಲ್ಲಿಸಿದರು.

ಅಮ್ಮ ಲಂಗವನ್ನು ಎದೆಗೆ ಕಟ್ಟಿಕೊಂಡು ಒಳಗೆ ಬಂದಳು. ಕೆಳಗಿನ ಹಲಗೆಯಲ್ಲಿ ಬಾಗಿಲ ಪಕ್ಕ ಕೂರಿಸಿದೆ. ಹತ್ತು ವರ್ಷದವಳಿದ್ದಾಗ ಅವಳು ನನಗೆ ನೀರು ಹುಯ್ದದ್ದೇ ಕೊನೆ, ಆಮೇಲೆ ನಾವಿಬ್ಬರೂ ಒಬ್ಬರ ಹೆಗಲನ್ನೂ ಇನ್ನೊಬ್ಬರು ನೋಡಿರಲಿಲ್ಲ. ಅವಳ ತೋಳಿನ ಮೇಲೆ ಒಲೆಯ ಕಿಡಿ ಸಿಡಿದ ಹಳೆಯ ಕಲೆಗಳಿದ್ದವು. ಎಣಿಸಿದರೆ ಎಷ್ಟಾಗುತ್ತಿತ್ತೋ, ನಾನು ಎಣಿಸಲಿಲ್ಲ.

ಮನೆಯೊಡತಿ ಅಮ್ಮನ ಕಡೆ ನೋಡಿ, ಸೌಟು ತೋರಿಸಿ, ಹುಬ್ಬೇರಿಸಿದರು. ಅಮ್ಮ ತಲೆಯಾಡಿಸಿದಳು. ಕಲ್ಲು ಉಸಿರು ಬಿಟ್ಟಿತು.

“ನಮ್ಮ ಬಚ್ಚಲೊಲೆಗೆ ನೀರು ಚೆಲ್ಲಿದ ಹಾಗೇ ಆಯ್ತಲ್ಲೇ” ಎಂದಳು. ಬರ್ಚ್ ಮರದ ಎಳೆ ಸೊಪ್ಪಿನ ಕಟ್ಟಿನಿಂದ ಮೈಗೆ ಬಡಿದುಕೊಳ್ಳುವುದನ್ನು ನೋಡಿ ನಕ್ಕಳು, ಕಟ್ಟನ್ನು ಇಸಿದುಕೊಂಡು ಮೂಸಿದಳು. ನಾನು ಮಾತ್ರ ಅವಳ ಮುಖವನ್ನೇ ನೋಡುತ್ತಿದ್ದೆ. ಬೇಡವೆಂದು ಹೇಳುವುದನ್ನು ಅವಳ ಪರವಾಗಿ ನಾನೇ ಹೇಳಬೇಕಾಗುತ್ತದೆಂದು ಸಿದ್ಧಳಾಗಿದ್ದೆ.

ನಾಲ್ಕೈದು ನಿಮಿಷವಾಗಿತ್ತೇನೋ. ಅಮ್ಮ ತಾನಾಗಿಯೇ, “ನಂಗೆ ಸಾಕು ಮಾರಾಯ್ತಿ” ಎಂದಳು. ಹಲಗೆ ಹಿಡಿದು, ಹೇಳಿಕೊಟ್ಟಂತೆ ನಿಧಾನವಾಗಿ ಎದ್ದಳು. ಮನೆಯೊಡತಿ ಒಂದು ಮಾತೂ ಆಡಲಿಲ್ಲ. ಇನ್ನೂ ಸ್ವಲ್ಪ ಕೂರಿ ಎನ್ನಲಿಲ್ಲ, ಏನಾಯಿತೆಂದು ಕೇಳಲಿಲ್ಲ, ಬಾಗಿಲಿನತ್ತ ಕಾಲು ಸರಿಸಿ ದಾರಿ ಬಿಟ್ಟರು. ನಾನೂ ಹಿಂದೆಯೇ ಎದ್ದೆ.

ಹೊರಗೆ ಕೆರೆಯ ಅಟ್ಟಣೆಯ ಮೇಲೆ ಕೂತೆವು. ರಾತ್ರಿ ಹತ್ತು ಗಂಟೆ, ಬಿಸಿಲು ಇನ್ನೂ ನೀರಿನ ಮೇಲಿತ್ತು. ಇಲ್ಲಿ ‘ಪೀಮಾ’ ಎಂಬ ಹುಳಿ ಹಾಲು ಸಿಗುತ್ತದೆ. ಅಮ್ಮ ಅದಕ್ಕೆ ನೀರು, ಉಪ್ಪು, ಊರಿನಿಂದ ತಂದ ಒಣ ಕರಿಬೇವು, ಜಜ್ಜಿದ ಶುಂಠಿ ಸೇರಿಸಿ ಮಜ್ಜಿಗೆ ಮಾಡಿ ಫ್ಲಾಸ್ಕಿನಲ್ಲಿ ತಂದಿದ್ದಳು. ಮೂರು ಲೋಟಕ್ಕೆ ಬಗ್ಗಿಸಿದಳು. ಮನೆಯೊಡತಿ ಬಂದು ಒಂದು ಗುಟುಕು ಕುಡಿದು, ಲೋಟವನ್ನು ಮತ್ತೆ ಮುಂದೆ ಚಾಚಿದರು. ಯಾರೂ ಹೆಚ್ಚು ಮಾತಾಡಲಿಲ್ಲ. ಅಮ್ಮನ ಕೆನ್ನೆಯ ಕೆಂಪು ನಿಧಾನವಾಗಿ ಇಳಿಯಿತು, ಮೈಯ ಹಬೆ ನಿಂತಿತು.

ಹತ್ತು ಹದಿನೈದು ನಿಮಿಷ ಕಳೆದಿರಬೇಕು. “ಮತ್ತೊಂದು ಸಲ ಹೋಗಬಹುದಾ?” ಎಂದು ಕೇಳಿದಳು.

“ಸಾಕು ಅಂದ್ಯಲ್ಲಮ್ಮ.”

“ಆಗ ಸಾಕಿತ್ತು. ಈಗ ಇನ್ನೊಂದು ಚೂರು ಬೇಕು ಅನ್ನಿಸ್ತಿದೆ.”

ಎದ್ದು ಟವೆಲು ಕೊಡವಿದಳು. ಈ ಸಲ ಲಂಗವನ್ನು ಹೊರಗಿನ ಗೂಟಕ್ಕೆ ನೇತುಹಾಕಿ, ನನಗಿಂತ ಮೊದಲೇ ಬಾಗಿಲು ತೆರೆದಳು.